ಪಟ್ಟಿ ಎತ್ತಲು ಹೊರಟಾಗ ಹವ್ಯಾಸವೂ ಒಂದು ಸುಳಿವು

ಕೃಷ್ಣೆಯ ದಂಡೆಯ ಊರೊಂದರಿಂದ ಮಹಿಳಾ ಮಂಡಳದ ಸೋದರಿಯೊಬ್ಬರು ಉದ್ದನೆಯ ಕಾಗದ ಬರೆದಿದ್ದಾರೆ. ತಮ್ಮ ಹೆಸರು, ಊರ ಹೆಸರು ಹಾಕಬೇಡಿರೆಂದು ಕೇಳಿಕೊಂಡಿದ್ದಾರೆ. ಹಾಕುವುದಿಲ್ಲ. ಆದರೆ ಅವರ ಪ್ರಶ್ನೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಎಷ್ಟೋ ಮಂಡಳಗಳ ಪ್ರಶ್ನೆಯೂ ಆಗಿರಬಹುದು. ಆದ್ದರಿಂದ ಎಲ್ಲರೂ ಕೂಡಿಯೇ ವಿಚಾರ ಮಾಡೋಣ.

2019ರ ಆಗಸ್ಟಿನ ಮಹಾಪೂರವನ್ನು ನಮ್ಮ ಹೊಳೆಸಾಲಿನ ಜನ ಮರೆತಿಲ್ಲ. ಆ ಪೂರದಲ್ಲಿ ಈ ಸೋದರಿಯ ಊರ ಶಾಲೆಯ ಪುಸ್ತಕಗಳೆಲ್ಲ ನೀರುಪಾಲಾದವು. ಈಗ ಹುಡುಗಿಯರಿಗೆ ಓದಲು ಒಂದು ಖೋಲಿ ಸಜ್ಜು ಮಾಡಬೇಕು, ಕಪಾಟು ಬೇಕು, ಪುಸ್ತಕ ಬೇಕು, ನಾಲ್ಕು ಬಾಕು ಬೇಕು ಎಂದು ಮಂಡಳದವರು ಪಟ್ಟಿ ಎತ್ತಲು ಹೊರಟರು. ಯಾರಿಗೂ ಭೇದ ಬೇಡವೆಂದು ಮನೆಗೆ 500 ರೂಪಾಯಿಯಂತೆ ಸಮಾನ ಪಟ್ಟಿ ಹಾಕಿದರು. ಎರಡು ಟ್ರ್ಯಾಕ್ಟರಿನ ಮನೆಯವರೂ 500 ಕೊಟ್ಟರು, ಕೂಲಿಗೆ ಹೋಗುವ ತಾಯಿಯೂ 500 ಕೊಟ್ಟಳು. ಬೇಕಾದದ್ದರ ಅರ್ಧವೂ ಕೂಡಲಿಲ್ಲ. ಆಮೇಲೆ ತಿಳಿದ ಸಂಗತಿ ಇನ್ನೂ ಕಸಿವಿಸಿಯದು. ಆ ಕೂಲಿಯ ತಾಯಿ 500 ರೂಪಾಯಿಯನ್ನು ಸಾಲ ತಂದು ಕೊಟ್ಟಿದ್ದಳು!

ಸೋದರಿ ಕೇಳುತ್ತಾರೆ: "ಯಾರ ಕಡೆ ಎಷ್ಟು ಐತಿ, ಯಾರು ಮನಸ್ಸಿನಿಂದ ಕೊಡ್ತಾರ ಅನ್ನೂದು ನಮಗ ಹೆಂಗ ಗೊತ್ತಾಗಬೇಕ್ರಿ? ಮತ್ತ, ಇನ್ನೊಬ್ಬರ ಮನೀ ವಿಚಾರ ಕೆದಕೂದು ಸರಿ ಏನ್ರಿ?"

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಕೆದಕುವುದು ಬೇರೆ, ಕಣ್ಣು ತೆರೆದು ನೋಡುವುದು ಬೇರೆ. ಇದ್ದವರು ಯಾರೆಂದು ತಿಳಿಯುವುದು ಇದ್ದವರಿಂದ ಕಸಿಯುವುದಕ್ಕಲ್ಲ, ಇಲ್ಲದವರ ಮೇಲೆ ಭಾರ ಬೀಳದಿರಲಿ ಎಂಬುದಕ್ಕೆ. ನೋಡದೆ ಪಟ್ಟಿ ಹಾಕಿದ್ದರಿಂದಲೇ ಅಲ್ಲವೇ ಆ ತಾಯಿ ಸಾಲಗಾರಳಾದದ್ದು?

ಪರದೇಶದಲ್ಲಿ ಇದೊಂದು ಉದ್ಯೋಗ

ನಂಬುತ್ತೀರೋ ಇಲ್ಲವೋ, ಅಮೆರಿಕೆಯಲ್ಲಿ ಇದಕ್ಕೆಂದೇ ಪಗಾರ ತೆಗೆದುಕೊಳ್ಳುವ ಜನರಿದ್ದಾರೆ. ಅಲ್ಲಿಯ ದೊಡ್ಡ ಕಾಲೇಜು, ದವಾಖಾನೆ, ವಸ್ತುಸಂಗ್ರಹಾಲಯಗಳು ದೇಣಿಗೆಯ ಬಲದ ಮೇಲೂ ನಡೆಯುತ್ತವೆ. ಯಾರನ್ನು ಕೇಳಬೇಕು, ಎಷ್ಟು ಕೇಳಬೇಕು, ಯಾವ ಕೆಲಸಕ್ಕೆ ಕೇಳಬೇಕು ಎಂದು ಶೋಧಿಸುವುದಕ್ಕೆ 'ಪ್ರಾಸ್ಪೆಕ್ಟ್ ರಿಸರ್ಚ್' ಎನ್ನುತ್ತಾರೆ. ದಾನಿಗಳ ಶೋಧ ಎನ್ನೋಣ. ಈ ಕೆಲಸದವರು 1980ರ ದಶಕದಲ್ಲಿಯೇ ತಮ್ಮದೊಂದು ಸಂಘವನ್ನೂ ಕಟ್ಟಿಕೊಂಡರು.

ಅವರು ಮನೆ, ಜಮೀನು, ಕಂಪನಿಯ ಶೇರುಗಳಂಥ ಬಹಿರಂಗ ದಾಖಲೆಗಳನ್ನು ನೋಡುತ್ತಾರೆ. ಅದರ ಜೊತೆಗೆ ಮನುಷ್ಯನ ಹವ್ಯಾಸವನ್ನೂ ನೋಡುತ್ತಾರೆ. ಕುದುರೆ ಸಾಕಿದ್ದಾರೆಯೇ? ಸ್ವಂತ ದೋಣಿ ಇದೆಯೇ? ಸಣ್ಣ ವಿಮಾನ ಹಾರಿಸುತ್ತಾರೆಯೇ? ಚಿತ್ರಗಳನ್ನು ಕೊಂಡು ಪ್ರದರ್ಶನಗಳಿಗೆ ಎರವಲು ಕೊಡುತ್ತಾರೆಯೇ? ಯಾಕೆಂದರೆ ಸಂಬಳ, ಸಾಲ ಇವನ್ನು ಮನುಷ್ಯ ಮುಚ್ಚಿಡುತ್ತಾನೆ. ಹವ್ಯಾಸವನ್ನು ಮಾತ್ರ ಯಾರೂ ಮುಚ್ಚಿಡುವುದಿಲ್ಲ. ನಾಲ್ಕು ಜನಕ್ಕೆ ತೋರಿಸಿದರೇ ಅದರ ಸುಖ!

ಈ ಶೋಧದವರು ಮೂರು ಸಂಗತಿ ನೋಡುತ್ತಾರೆ. ನಮ್ಮ ಮಾತಿನಲ್ಲಿ ಅವನ್ನು ಕೈ, ಮನಸ್ಸು, ನಂಟು ಎನ್ನಬಹುದು. ಕೈ ಎಂದರೆ ಕೊಡುವ ಶಕ್ತಿ. ಮನಸ್ಸು ಎಂದರೆ ಯಾವ ಕಡೆಗೆ ಒಲವು. ನಂಟು ಎಂದರೆ ನಿಮಗೂ ಅವರಿಗೂ ಏನು ಸಂಬಂಧ, ಯಾರು ಹೋಗಿ ಕೇಳಿದರೆ ಅವರು ಕೂಡ್ರಿಸಿ ಮಾತಾಡುತ್ತಾರೆ ಎಂಬುದು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ದೇಣಿಗೆ ಬರುವುದು ಕಷ್ಟ. ಹವ್ಯಾಸದ ಹೆಚ್ಚುಗಾರಿಕೆ ಎಂದರೆ ಮೂರರ ಸುಳಿವನ್ನೂ ಅದು ಒಟ್ಟಿಗೆ ಕೊಡುತ್ತದೆ.

ಮೈಸೂರಿನ ಮಹಾರಾಜರ ತಟ್ಟೆಗಳು

ಇದಕ್ಕೆ ನಮ್ಮ ಕರ್ನಾಟಕದಲ್ಲಿಯೇ ಒಂದು ಸೊಗಸಾದ ಉದಾಹರಣೆ ಇದೆ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರು ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದವರು. ಅವರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚೂ ಅಷ್ಟೇ ಇತ್ತು. ಪಿಯಾನೊ ನುಡಿಸುತ್ತಿದ್ದರು. ಗ್ರಾಮಫೋನ್ ತಟ್ಟೆಗಳನ್ನು ಸಾವಿರಗಟ್ಟಲೆ ಕೂಡಿಹಾಕಿದ್ದರು.

ಇತ್ತ ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಎಂಬಾತ ಗ್ರಾಮಫೋನ್ ಕಂಪನಿಯಲ್ಲಿ ಸಂಗೀತದ ಮುದ್ರಣ ಮಾಡಿಸುವವನು. 1945ರಲ್ಲಿ ಆತ ಫಿಲ್‌ಹಾರ್ಮೋನಿಯಾ ಎಂಬ ವಾದ್ಯಮೇಳವನ್ನು ಕಟ್ಟಿದ. ಎರಡನೆಯ ಮಹಾಯುದ್ಧ ಮುಗಿದ ಕಾಲ, ಎಲ್ಲಿಯೂ ಹಣವಿಲ್ಲ. ದೊಡ್ಡ ಮೇಳ ನಡೆಸುವುದೆಂದರೆ ಆನೆ ಸಾಕಿದಂತೆ. ಆತನಿಗೆ ಮೈಸೂರಿನ ಕರೆ ಬಂತು. ಬಂದು ನೋಡಿದರೆ ಅರಮನೆಯಲ್ಲಿ ಹುಡುಕಿದ ತಟ್ಟೆಯೆಲ್ಲ ಸಿಗುವಂಥ ಭಂಡಾರ! ಬಗೆಬಗೆಯ ಧ್ವನಿವರ್ಧಕಗಳು, ದೊಡ್ಡ ಪಿಯಾನೊಗಳು. ಆಗ ಮಹಾರಾಜರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಒಬ್ಬ ಮಹಾರಾಜನಲ್ಲಿ ಹಣವಿದೆ ಎಂದು ತಿಳಿಯಲು ಲಂಡನ್ನಿನಿಂದ ಬರಬೇಕಾಗಿರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ಮಾತು. ಆ ತಟ್ಟೆಗಳ ಭಂಡಾರ ಹೇಳಿದ್ದು ಬೇರೆ. ಈ ಮನುಷ್ಯ ಸುಮ್ಮನೆ ಸೊಬಗಿಗಾಗಿ ಕೊಳ್ಳುವವನಲ್ಲ, ಕೇಳುವವನು, ಆರಿಸುವವನು, ಜಗತ್ತು ಮರೆತವರನ್ನೂ ಹುಡುಕುವವನು ಎಂದು ಅದು ಹೇಳಿತು. ಫಲವೇನಾಯಿತು? ಮಹಾರಾಜರು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವಿಗೆ ಒಪ್ಪಿದರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರೂ ಆದರು.

ಅವರ ಒಲವು ಇನ್ನೊಬ್ಬನನ್ನೂ ಉಳಿಸಿತು. ನಿಕೊಲಾಯ್ ಮೆಟ್ನರ್ ಎಂಬ ರಷಿಯದ ಸಂಗೀತಕಾರ ಇಳಿವಯಸ್ಸಿನಲ್ಲಿ, ಅನಾರೋಗ್ಯದಲ್ಲಿ, ಕೈಬಿಗಿಯಲ್ಲಿ ಲಂಡನ್ನಿನಲ್ಲಿ ದಿನ ತಳ್ಳುತ್ತಿದ್ದ. ಅವನ ಸಂಗೀತ ನಮ್ಮ ಮಹಾರಾಜರಿಗೆ ಅಚ್ಚುಮೆಚ್ಚು. ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ಆತ ತೀರಿಕೊಂಡ. ಆ ಮುದ್ರಣಗಳು ಇಂದಿಗೂ ಉಳಿದಿವೆ.

ಸೋದರಿಯರೇ, ಮಹಾರಾಜರಿಗೆ ಕುದುರೆಪಂದ್ಯದ ಬಹುಮಾನಕ್ಕೆ ಹಣ ಕೊಡಿರೆಂದು ಆ ಲಂಡನ್ನಿನವನು ಕೇಳಿದ್ದರೆ ಇಷ್ಟು ಸಿಗುತ್ತಿತ್ತೇ? ಹಣ ಎಷ್ಟಿದೆ ಎನ್ನುವುದಕ್ಕಿಂತ ಅದು ಯಾವ ಕಡೆಗೆ ಹರಿಯಲು ಬಯಸುತ್ತದೆ ಎನ್ನುವುದೇ ದೊಡ್ಡ ಸುಳಿವು.

ನಮ್ಮ ನೆರೆಯಲ್ಲಿಯೂ ನೋಡಿರಿ

ಅರಮನೆಯ ಮಾತು ದೂರದ್ದಾಯಿತು ಎನ್ನುವಿರಾ? ನಿಪ್ಪಾಣಿಯಿಂದ ಕೊಲ್ಲಾಪುರ ಎಷ್ಟು ದೂರ? ಅಲ್ಲಿಯ ಶಾಹೂ ಮಹಾರಾಜರಿಗೆ ಕುಸ್ತಿಯ ನಾದ. 1902ರಲ್ಲಿ ಯುರೋಪಿಗೆ ಹೋದಾಗ ರೋಮಿನ ಹಳೆಯ ದುಂಡು ರಂಗಸ್ಥಳ ನೋಡಿ ಬಂದು, ಖಾಸಬಾಗದಲ್ಲಿ ಕುಸ್ತಿಯ ಮೈದಾನ ಕಟ್ಟಿಸಿದರು. 1912ರಲ್ಲಿ ಅದು ಸಿದ್ಧವಾಯಿತು. ಎಲ್ಲಿಂದಲೋ ಬಂದ ಪೈಲವಾನರಿಗೆ ಅವರಲ್ಲಿ ಅನ್ನವಿತ್ತು, ಆಸರೆಯಿತ್ತು. ಅದೇ ದೊರೆ 1901ರಿಂದ ಬಡ ಹುಡುಗರಿಗಾಗಿ ಒಂದೊಂದೇ ವಸತಿಗೃಹಕ್ಕೆ ನೆರವಾದರು. ನಾದವೂ ಇತ್ತು, ನ್ಯಾಯವೂ ಇತ್ತು.

ಕಾಗವಾಡದ ಸೋದರಿಯರು ಸಂತೆಗೋ ದವಾಖಾನೆಗೋ ಮಿರಜಕ್ಕೆ ಹೋಗುವವರು. ಅಲ್ಲಿಯ ಪಟವರ್ಧನ ಸಂಸ್ಥಾನಿಕರಿಗೆ ಸಂಗೀತದ ಒಲವು. ಹತ್ತಿರದ ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರಿಗೆ ಎಳವೆಯಲ್ಲಿ ಪಟಾಕಿ ಸಿಡಿದು ಕಣ್ಣು ಹೋದಂತಾಯಿತು. ಶಾಲೆ ನಿಂತಿತು. ಆ ಹುಡುಗ ಮಿರಜದಲ್ಲಿ ರಾಜಾಶ್ರಯ ಪಡೆದು ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಹಾಡು ಕಲಿತ. ದೊರೆಯ ಒಲವು ಒಬ್ಬ ಬಾಲಕನ ಬಾಳು ಬೆಳಗಿತು. ಮುಂದೆ ಪಲುಸ್ಕರರು ದೊರೆಗಳ ಆಶ್ರಯ ಬಿಟ್ಟು ಊರೂರು ಸುತ್ತಿ, ಟಿಕೀಟು ಇಟ್ಟು ಜನರ ಮುಂದೆ ಹಾಡಿದರು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ದೊಡ್ಡವನೊಬ್ಬನ ಹವ್ಯಾಸದಿಂದ ಬರುವ ಹಣದ ಹಾಗೆಯೇ, ಸಾವಿರ ಜನರ ಹವ್ಯಾಸದಿಂದ ಬರುವ ಚಿಲ್ಲರೆಯೂ ಸಂಸ್ಥೆ ಕಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಹನಿ ಹನಿ ಕೂಡಿದರೆ ಹಳ್ಳ!

ಊರಿನಲ್ಲಿ ಏನು ನೋಡಬೇಕು?

ಹವ್ಯಾಸ ಎನ್ನುವುದು ಪುಸ್ತಕದ ಮಾತು. ನಮ್ಮ ಕಡೆ ಅದಕ್ಕೆ ನಾದ ಎನ್ನುತ್ತಾರೆ. ಒಬ್ಬರಿಗೆ ಖಿಲಾರಿ ಎತ್ತಿನ ನಾದ, ಒಬ್ಬರಿಗೆ ಪಾರಿವಾಳದ ನಾದ, ಒಬ್ಬರಿಗೆ ನಾಟಕದ್ದು, ಮತ್ತೊಬ್ಬರಿಗೆ ಭಜನೆಯದು. ಮನೆಯ ಲೆಕ್ಕ ಹಿಡಿಯುವ ನಿಮಗೆ ಇದನ್ನು ಓದುವುದು ಕಷ್ಟವಲ್ಲ.

ಶರ್ಯತ್ತಿನ ಎತ್ತನ್ನೇ ತೆಗೆದುಕೊಳ್ಳಿರಿ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳ ಕಾಯ್ದೆಗಳನ್ನು ಎತ್ತಿಹಿಡಿದ ಮೇಲೆ ಬಂಡಿಯ ಓಟಗಳಿಗೆ ಮತ್ತೆ ಕಳೆ ಬಂದಿದೆ. ಒಳ್ಳೆಯ ಜೋಡಿಗೆ ಲಕ್ಷಗಟ್ಟಲೆ ಬೆಲೆ. ಆದರೆ ಕೊಂಡ ಬೆಲೆಯನ್ನಲ್ಲ, ಸಾಕುವ ಖರ್ಚನ್ನು ಲೆಕ್ಕ ಹಾಕಿರಿ. ದಿನದ ಹಿಂಡಿ, ಹತ್ತಿಕಾಳು, ಹಾಲು, ನೋಡಿಕೊಳ್ಳುವ ಆಳು, ಊರೂರಿಗೆ ಒಯ್ಯುವ ಗಾಡಿ ಬಾಡಿಗೆ. ಆ ಎತ್ತು ಹೊಲದಲ್ಲಿ ದುಡಿಯುವುದಿಲ್ಲ. ಇಷ್ಟನ್ನು ಐದಾರು ವರ್ಷ ಬಿಡದೆ ನಡೆಸಿದ ಮನೆಗೆ ಪ್ರತಿ ತಿಂಗಳೂ ಮಿಗುವ ಹಣವಿದೆ ಎಂದು ತಿಳಿಯಬಹುದು. ಒಮ್ಮೆ ಕೊಂಡ ಕಾರಿಗಿಂತ ದಿನಾ ಸಾಕುವ ಎತ್ತು ಹೆಚ್ಚು ಸತ್ಯ ಹೇಳುತ್ತದೆ.

ಇನ್ನೊಂದು ಕಡೆ ನೋಡಿರಿ. ಜಾತ್ರೆಯಲ್ಲಿ ಕುಸ್ತಿ, ಬಂಡಿ ಓಟ ಇಟ್ಟಾಗ ಹ್ಯಾಂಡ್‌ಬಿಲ್ಲು ಹಂಚುತ್ತಾರಲ್ಲ, ಅದನ್ನು ಒಲೆಗೆ ಹಾಕಬೇಡಿರಿ! ಮೊದಲ ಬಹುಮಾನ ಯಾರದು, ಎರಡನೆಯದು ಯಾರದು, ಎಷ್ಟು ಸಾವಿರ, ಢಾಲು ಕೊಟ್ಟವರು ಯಾರು, ಪ್ರಸಾದದ ಖರ್ಚು ಯಾರದು ಎಂದು ಹೆಸರು ಸಮೇತ ಅಚ್ಚಾಗಿರುತ್ತದೆ. ಇದಕ್ಕಿಂತ ಮರ್ಯಾದೆಯ ಸುಳಿವು ಎಲ್ಲಿದೆ? ಕೊಟ್ಟವರೇ ಊರಿಗೆಲ್ಲ ತಿಳಿಯಲೆಂದು ಹಾಕಿಸಿದ ಮಾತು ಅದು. ನಾಟಕದ ಕರಪತ್ರ, ಗುಡಿಯ ಗೋಡೆಯ ಮೇಲಿನ ಕಲ್ಲು, ಬಸದಿಯ ಪೂಜೆಯಲ್ಲಿ ಎಲ್ಲರೆದುರು ಕೂಗಿದ ಸವಾಲು, ಶಾಲೆಯ ಫಲಕ ಎಲ್ಲವೂ ಹಾಗೆಯೇ. ಕೊಟ್ಟು ರೂಢಿ ಇರುವವರೇ ಮತ್ತೆ ಕೊಡುವವರು. ಮುಷ್ಟಿ ಬಿಚ್ಚದ ಶ್ರೀಮಂತನಿಗಿಂತ ಜಾತ್ರೆಗೆ ಐದು ಸಾವಿರ ಇಟ್ಟ ಮಧ್ಯಮದವನು ನಿಮಗೆ ಹತ್ತಿರ.

ಮೂರನೆಯದು, ನಾದದವರಿಗೆ ಯಾವಾಗಲೂ ಸಂಗಡಿಗರಿರುತ್ತಾರೆ. ಎತ್ತಿನವರು ಎತ್ತಿನವರ ಜೊತೆ, ಭಜನೆಯವರು ಭಜನೆಯವರ ಜೊತೆ. ಒಬ್ಬರು ಒಲಿದರೆ ಅವರೇ ಇನ್ನು ನಾಲ್ವರ ಮನೆಗೆ ನಿಮ್ಮನ್ನು ಕರೆದೊಯ್ಯುತ್ತಾರೆ. ನಂಟು ಎಂದೆನಲ್ಲ, ಅದು ಇದೇ.

ಸುಳಿವು ಮೋಸ ಮಾಡುವುದೂ ಉಂಟು

ಬೆಳ್ಳಗಿರುವುದೆಲ್ಲ ಹಾಲಲ್ಲ. ಹೋದ ತಿಂಗಳು ಕೊಂಡ ಬುಲೆಟ್ ಗಾಡಿ ಕಂತಿನದಿರಬಹುದು. ಕಬ್ಬಿನ ಬಿಲ್ಲು ಬಂದ ವಾರದ ಉತ್ಸಾಹವನ್ನು ವರ್ಷದ ಸಿರಿಯೆಂದು ತಿಳಿಯಬಾರದು. ಅಜ್ಜನ ಕಾಲದ ತಂಬೂರಿ ಮನೆಯಲ್ಲಿದ್ದರೆ ಅಜ್ಜನ ಸ್ಥಿತಿ ತಿಳಿಯುತ್ತದೆ, ಮೊಮ್ಮಗನದಲ್ಲ.

ಹವ್ಯಾಸಕ್ಕೇ ಎಲ್ಲವನ್ನೂ ಸುರಿದವರೂ ಇದ್ದಾರೆ. ಪಾಂಡವಪುರ ತಾಲೂಕಿನ ಹರಳಹಳ್ಳಿಯ ಅಂಕೇಗೌಡರನ್ನು ನೋಡಿರಿ. ಬಸ್ ಕಂಡಕ್ಟರಾಗಿದ್ದು ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಪಗಾರದ ಬಹುಪಾಲನ್ನು ಪುಸ್ತಕಕ್ಕೆ ಹಾಕಿ, ಮೈಸೂರಿನ ಮನೆಯನ್ನೂ ಮಾರಿ, ಲಕ್ಷಗಟ್ಟಲೆ ಪುಸ್ತಕಗಳ 'ಪುಸ್ತಕ ಮನೆ' ಕಟ್ಟಿದರು. ಹೊರಗಿನವರು ಆ ರಾಶಿ ನೋಡಿ ಎಷ್ಟು ದೊಡ್ಡ ಆಸ್ತಿವಂತ ಎಂದುಕೊಂಡರೆ ತಪ್ಪಾದೀತು. ಅಲ್ಲಿರುವುದು ದುಡ್ಡಲ್ಲ, ಒಂದು ಬಾಳಿನ ತ್ಯಾಗ. ಇಂಥವರು ನಿಮ್ಮ ಊರಲ್ಲಿಯೂ ಇರಬಹುದು. ಅವರ ಬಳಿ ಹಣ ಕೇಳಬೇಡಿರಿ. ಯಾವ ಪುಸ್ತಕ ಕೊಳ್ಳಬೇಕು, ಹೇಗೆ ಜೋಡಿಸಬೇಕು, ಹುಳ ಬೀಳದಂತೆ ಹೇಗೆ ಇಡಬೇಕು ಎಂದು ಕೇಳಿರಿ. ಸಾವಿರ ರೂಪಾಯಿಗಿಂತ ಹೆಚ್ಚಿನದು ಸಿಗುತ್ತದೆ.

ಕೆಲವರಿಗೆ ಯಾವ ನಾದವೂ ಹೊರಗೆ ಕಾಣಿಸದು. ಹಳೆಯ ಸೈಕಲ್ಲು, ಹರಿದ ಕೊಡೆ. ಆದರೆ ವರ್ಷಕ್ಕೊಮ್ಮೆ ತಪ್ಪದೆ ಪಂಢರಪುರದ ವಾರಿಗೆ ಹೋಗಿ ಹತ್ತು ಜನರಿಗೆ ಊಟ ಹಾಕಿಸಿ ಬರುತ್ತಾರೆ. ಅವರನ್ನು ಬಿಟ್ಟುಬಿಡಬೇಡಿರಿ.

ಒಳಗಿನ ಪಡಸಾಲೆ

ಈಗ ಒಂದು ಮುಖ್ಯ ಮಾತು. ಪಟ್ಟಿ ಎತ್ತುವವರು ಹೊರಗಿನ ಕಟ್ಟೆಯ ಮೇಲೆ ಕುಳಿತ ಯಜಮಾನರನ್ನಷ್ಟೇ ನೋಡುತ್ತಾರೆ. ಪಾವತಿಯೂ ಅವರ ಹೆಸರಿಗೇ. ಒಳಗಿರುವ ಅತ್ತಿಗೆಯ ಹವ್ಯಾಸ ಯಾರಿಗೂ ಹವ್ಯಾಸವೆಂದೇ ತೋರುವುದಿಲ್ಲ! ಆಕೆ ಕಸೂತಿ ಹಾಕುತ್ತಾಳೆ, ಕೌದಿ ಹೊಲಿಯುತ್ತಾಳೆ, ಆಕಳು ಸಾಕಿ ಡೇರಿಗೆ ಹಾಲು ಹಾಕುತ್ತಾಳೆ. ಆ ದುಡ್ಡು ಆಕೆಯ ಸ್ವಂತದ್ದು, ಅದರ ಮೇಲೆ ಆಕೆಯ ಮಾತು ನಡೆಯುತ್ತದೆ. ಹುಡುಗಿಯರ ಓದಿನ ಖೋಲಿ ಎಂದರೆ ಮೊದಲು ಕರಗುವುದು ಆಕೆಯ ಮನಸ್ಸೇ. ತಾನು ಏಳನೆಯತ್ತೆಗೇ ಶಾಲೆ ಬಿಟ್ಟ ನೋವು ಆಕೆಗೆ ಇನ್ನೂ ಹಸಿಯಿರಬಹುದು.

ಆಕೆಯನ್ನು ಕೇಳಿರಿ. ನೂರು ಕೊಟ್ಟರೂ ಪಾವತಿ ಆಕೆಯ ಹೆಸರಿಗೇ ಬರೆಯಿರಿ. ನಮ್ಮ ಸೋದರಿಯ ಊರಿನ ಆ ಕೂಲಿಯ ತಾಯಿಗೂ ಇದೇ ಮಾತು. ಆಕೆಯನ್ನು ಪಟ್ಟಿಯಿಂದ ಕೈಬಿಡಬೇಡಿರಿ, ಅದೂ ಅವಮಾನವೇ. ಹತ್ತು ರೂಪಾಯಿ ಇಸಿದುಕೊಳ್ಳಿರಿ, ಇಲ್ಲವೇ ಖೋಲಿ ಸಾರಿಸಲು ಒಂದು ದಿನ ಬಾ ತಂಗಿ ಎನ್ನಿರಿ. ಅದನ್ನೂ ಪಟ್ಟಿಯಲ್ಲಿ ಬರೆಯಿರಿ. ತಂದ ಸಾಲದ ಮಟ್ಟಿಗೆ ಹೇಳುವುದಾದರೆ, ಮಂಡಳದವರು ಕೂಡಿ ಆ 500ನ್ನು ಸದ್ದಿಲ್ಲದೆ ತಿರುಗಿ ಕೊಟ್ಟುಬಿಡುವುದೇ ಚಂದ.

ಕೇಳುವ ಬಗೆ

ಸುಳಿವು ಸಿಕ್ಕಿತೆಂದು ಅದನ್ನು ಎದುರಿಗೆ ಎತ್ತಿ ಆಡಬಾರದು. "ಎತ್ತಿಗೆ ಇಷ್ಟು ಖರ್ಚು ಮಾಡ್ತೀರಿ, ನಮಗ ಕೊಡಾಕ ಏನಾಗ್ತೈತಿ?" ಎಂದರೆ ಕೆಲಸ ಕೆಟ್ಟಿತು. ಹವ್ಯಾಸವನ್ನು ಹಂಗಿಸಬೇಡಿರಿ, ಅದರ ಕೈ ಹಿಡಿದು ಒಳಗೆ ಹೋಗಿರಿ. ಇಬ್ಬರು ಸೋದರಿಯರು ಎತ್ತಿನ ನಾದದ ಹಿರಿಯರ ಮನೆಗೆ ಹೋದರೆ ಮಾತು ಹೀಗೆ ನಡೆಯಬಹುದು:

"ನಮಸ್ಕಾರ್ರೀ ಕಾಕಾರ. ಜೋಡಿ ಭಾಳ ಚಂದ ಅದಾವ ನೋಡ್ರಿ."

"ಬರ್ರಿ ಅಕ್ಕಾರ, ಕೂಡ್ರಿ. ಏ, ಚಾ ಇಡ್ರಿ ಇವರಿಗೆ! ಈ ಸಲ ಚಿಂಚಲಿ ಜಾತ್ರಿಗೆ ಹೋದಾಗ ಎಲ್ಲಾರೂ ನಿಂತು ನೋಡಿದ್ರು."

"ನೋಡದ ಇರ್ತಾರೇನ್ರಿ? ಕಾಕಾರ, ಜಾತ್ರ್ಯಾಗ ನೀವು ಪೈಲಾ ನಂಬರಿಗೆ ಬಹುಮಾನ ಇಟ್ಟಿದ್ದು ಹ್ಯಾಂಡ್‌ಬಿಲ್‌ನ್ಯಾಗ ಓದಿದ್ವಿ. ಹಂಗs ನಮ್ಮ ಊರ ಹುಡುಗ್ಯಾರ ಓದೂ ಖೋಲಿಗೂ ನಿಮ್ಮದೊಂದು ಪೈಲಾ ನಂಬರ್ ಇರಲಿ ಅಂತ ಬಂದೀವ್ರಿ. ಒಂದು ಕಪಾಟಿಗೆ ಎಂಟು ಸಾವಿರ ಆಗ್ತದ. ಪೂರಾ ಆದ್ರ ಪೂರಾ, ಇಲ್ಲಂದ್ರ ಅರ್ಧಾ. ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ."

ಇಷ್ಟು ಹೇಳಿ ಸುಮ್ಮನಾಗಬೇಕು. ಕೇಳಿದ ಮೇಲೆ ಸುಮ್ಮನಿರುವುದೂ ಒಂದು ವಿದ್ಯೆ! ಮೊತ್ತ ಸ್ಪಷ್ಟವಾಗಿ ಹೇಳಿದ್ದೀರಿ, ವಸ್ತು ಹೇಳಿದ್ದೀರಿ, ಹಿಂದೆ ಸರಿಯಲು ದಾರಿಯನ್ನೂ ಬಿಟ್ಟಿದ್ದೀರಿ. ಇಲ್ಲವೆಂದರೆ ಚಹಾ ಕುಡಿದು ನಗುತ್ತಲೇ ಎದ್ದು ಬನ್ನಿರಿ. ಅವರ ಬಾಗಿಲು ನಾಳೆಗೂ ಬೇಕು.

ಒಲವಿಗೆ ತಕ್ಕಂತೆ ಕೆಲಸ ಜೋಡಿಸಿರಿ. ಕುಸ್ತಿಯ ನಾದದವರಿಗೆ ಹುಡುಗಿಯರ ಆಟದ ಸಾಮಾನು, ಭಜನೆಯವರಿಗೆ ಸಂತರ ಪುಸ್ತಕಗಳು, ತೋಟದ ಒಲವಿನವರಿಗೆ ಅಂಗಳದ ಗಿಡಗಳು. ನಾಟಕದವರಿದ್ದರೆ ಒಂದು ಸಹಾಯಾರ್ಥ ನಾಟಕವನ್ನೋ ಶ್ರೀಕೃಷ್ಣ ಪಾರಿಜಾತವನ್ನೋ ಆಡಿಸಿ ಟಿಕೀಟು ಇಡಿರಿ. ಪಲುಸ್ಕರರು ತೋರಿದ ದಾರಿ ಅದು.

ದಾಟಬಾರದ ಗೆರೆ

ಸೋದರಿಯ ಅಳುಕು ಸುಮ್ಮನೆಯದಲ್ಲ. ನೋಡುವುದು ಎಲ್ಲಿಗೆ ಮುಗಿದು ಚಾಡಿ ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆ ತೆಳುವಾದದ್ದು. ನಾನು ಹಾಕಿಕೊಡುವ ಗೆರೆ ಇದು: ಅವರೇ ಊರಿಗೆ ತೋರಿಸಿದ್ದನ್ನು ನೋಡಬಹುದು, ಅವರು ಮುಚ್ಚಿಟ್ಟದ್ದನ್ನು ತೆರೆಯಬಾರದು. ಮನೆಗೆಲಸದವಳನ್ನು ಕೇಳಬಾರದು. ಮಕ್ಕಳನ್ನು ಕೇಳಬಾರದು. ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ ನಿಮ್ಮವರಿದ್ದಾರೆಂದು ಅವರ ಖಾತೆಯ ಮಾತು ತೆಗೆಯಬಾರದು. ಸಾಲ, ರೋಗ, ಅಣ್ಣತಮ್ಮಂದಿರ ಜಗಳ, ತಿಜೋರಿಯ ಬಂಗಾರ ಇವು ನಿಮ್ಮ ವಹಿಯಲ್ಲಿ ಬರಲೇಬಾರದು.

ಒಂದು ಪರೀಕ್ಷೆ ಹೇಳುತ್ತೇನೆ. ನೀವು ಬರೆದಿಟ್ಟ ಹಾಳೆಯನ್ನು ಅದೇ ಮನೆಯವರು ಒಂದು ದಿನ ಓದಿದರೆ ನಕ್ಕು ಸುಮ್ಮನಾಗುವಂತಿರಬೇಕು, ನೊಂದುಕೊಳ್ಳುವಂತಿರಬಾರದು. "ಎತ್ತಿನ ಒಲವು, ಜಾತ್ರೆಗೆ ಬಹುಮಾನ ಕೊಡುತ್ತಾರೆ, ಕಪಾಟಿಗೆ ಕೇಳಬಹುದು." ಇಷ್ಟು ಸಾಕು. ಆ ವಹಿ ಇಬ್ಬರ ಕೈಯಲ್ಲಿರಲಿ. ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಬೇಡಿರಿ. ಡಿಜಿಟಲ್ ರೂಪದಲ್ಲಿರುವ ಜನರ ಖಾಸಗಿ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ದೇಶದಲ್ಲಿ ಕಾಯ್ದೆಯೇ ಆಗಿದೆ. ಕಾಯ್ದೆಗಿಂತ ಮೊದಲು ಊರ ಮರ್ಯಾದೆ ಇದೆ.

ನೆನಪಿಗೆ ನಾಲ್ಕು ಮಾತು

* ವಹಿಯಲ್ಲಿ ಒಂದು ಮನೆಗೆ ನಾಲ್ಕು ಅಂಕಣ: ಹೆಸರು, ಒಲವು, ಯಾರು ಹೋಗಿ ಕೇಳಬೇಕು, ಏನು ಕೇಳಬೇಕು.

* ಖರ್ಚು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಷ್ಟು ವರ್ಷದಿಂದ ನಡೆದಿದೆ ಎಂದು ನೋಡಿರಿ.

* ಪಾವತಿ ಪುಸ್ತಕವಿಲ್ಲದೆ ಹೊಸ್ತಿಲು ತುಳಿಯಬೇಡಿರಿ. ಆದಾಯ ತೆರಿಗೆಯ ರಿಯಾಯಿತಿ ಬೇಕೆನ್ನುವವರಿಗೆ, ಅದಕ್ಕೆಂದೇ ನೋಂದಣಿಯಾದ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಮಾತ್ರ ಅದು ಸಿಗುತ್ತದೆ ಎಂದು ಮೊದಲೇ ಹೇಳಿರಿ. 2,000 ರೂಪಾಯಿ ಮೀರಿದ ದೇಣಿಗೆ ನಗದಾಗಿದ್ದರೆ ಆ ರಿಯಾಯಿತಿ ಸಿಗದು. ಚೆಕ್ ಅಥವಾ ಬ್ಯಾಂಕಿನ ಮೂಲಕ ಕೊಡಲು ಹೇಳಿರಿ.

* ಕೊಟ್ಟವರನ್ನು ಕರೆದು ತೋರಿಸಿರಿ. ತಮ್ಮ ಕಪಾಟಿನ ಮುಂದೆ ಹುಡುಗಿಯೊಬ್ಬಳು ಕುಳಿತು ಓದುವುದನ್ನು ಕಂಡ ಎತ್ತಿನ ಕಾಕಾರಿಗೆ ಬರುವ ವರ್ಷ ಹೊಸದೊಂದು ನಾದ ಹತ್ತಿದರೂ ಹತ್ತಬಹುದು!

ಮುಂದಿನ ಸಂಚಿಕೆಯಲ್ಲಿ, ಕೂಡಿದ ಹಣದ ಲೆಕ್ಕವನ್ನು ಯಾರೂ ಬೆರಳು ತೋರದಂತೆ ಇಡುವುದು ಹೇಗೆಂದು ನೋಡೋಣ. ಅಷ್ಟರಲ್ಲಿ ನಿಮ್ಮ ಮಂಡಳದ ಅನುಭವಗಳನ್ನು ಬರೆದು ಕಳಿಸಿರಿ. ಹೆಸರು ಬೇಡವೆಂದರೆ ಹಾಕುವುದಿಲ್ಲ.